ಇಂಗುಗುಂಡಿಯಲ್ಲಿ ನೀರು ಇಂಗುತ್ತಿಲ್ಲವೇ? ಎರೆ (ಜಿಗುಟು ಕಪ್ಪು) ಮಣ್ಣಿನ ಊರುಗಳಿಗೆ ಮಳೆನೀರಿನ ಮಾರ್ಗದರ್ಶಿ

"ಅಣ್ಣಾರ, ಇಷ್ಟ್ ರೊಕ್ಕಾ ಸುರುವಿ ಇಂಗುಗುಂಡಿ ತೋಡ್ಸಿದ್ವಿ, ನೀರ ಇಂಗವಲ್ದು, ಕಪ್ಪಿ ಒದರಾಕತ್ತಾವು."

ಆರಿದ್ರಾ ಮಳೆ ಹಿಡಿದ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ಊರು ಮಾತ್ರ ಬೇರೆ. ಒಂದು ಸಲ ಹಳೇ ಹುಬ್ಬಳ್ಳಿ, ಇನ್ನೊಂದು ಸಲ ಬೆಟಗೇರಿ, ಮತ್ತೊಂದು ಸಲ ಅಣ್ಣಿಗೇರಿ. ಹೋಗಿ ನೋಡಿದರೆ ತಪ್ಪುಗಳೂ ಅವೇ. ಮಣ್ಣು ನೋಡದೆ ಗುಂಡಿ ತೋಡಿರುತ್ತಾರೆ. ಶೋಧಿಸದೆ ನೀರು ಬಿಟ್ಟಿರುತ್ತಾರೆ. ತಾರಸಿ ನೀರು, ಅಂಗಳದ ನೀರು, ಕೆಲವು ಕಡೆ ಬಚ್ಚಲ ನೀರನ್ನೂ ಒಂದೇ ಪೈಪಿಗೆ ಸೇರಿಸಿರುತ್ತಾರೆ.

ಈ ಕೆಲಸದಲ್ಲಿ ಗುಂಡಿ ತೋಡುವುದು ಏಳನೆಯ ಹೆಜ್ಜೆ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ. ಎಷ್ಟೋ ಮನೆಗಳಿಗೆ ಅದು ಬೇಕೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ, ಗೌಂಡಿ ಎಷ್ಟೇ ಅವಸರ ಮಾಡಿದರೂ.

ಬೇಕಾಗುವ ಸಾಮಾನು

50 ಅಡಿ ಟೇಪು, ಹಾರೆ, ಸಲಿಕೆ, ಒಂದು ಪಟ್ಟಿ. ಇಳಿಜಾರು ನೋಡಲು ಗೌಂಡಿಗಳ ಹತ್ತಿರ ಇರುವ ಲೆವೆಲ್ ಪೈಪು. 4 ಇಂಚಿನ ಪಿವಿಸಿ ಪೈಪು, ಟೀ, ಬೆಂಡು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದು. ಅದರಲ್ಲಿ ಮೊದಲು ಏನಿತ್ತು ಅಂತ ಕೇಳಿಯೇ ತನ್ನಿ, ಔಷಧಿ ಅಥವಾ ಆಸಿಡ್ ಇದ್ದದ್ದು ಬೇಡ. ತಾರಸಿ ತೂತಿಗೆ ಗುಮ್ಮಟದ ಹಾಗೆ ಎದ್ದಿರುವ ಜಾಲರಿ. ನೈಲಾನ್ ಸೊಳ್ಳೆ ಜಾಳಿಗೆ ಎರಡು ಮೀಟರ್. 40 ಮಿ.ಮೀ ಖಡಿ (ಜಲ್ಲಿ), 20 ಮಿ.ಮೀ ಖಡಿ, ಒರಟು ಉಸುಕು (ಮರಳು).

ಹಂತ 1: ಛತ್ರಿ ಹಿಡಿದು ಒಂದು ಮಳೆ ನೋಡಿ

ಜೋರು ಮಳೆಯಲ್ಲಿ ಒಂದು ಸಲ ಮನೆ ಸುತ್ತ ತಿರುಗಿ. ತಾರಸಿ ನೀರು ಎಲ್ಲಿ ಇಳಿಯುತ್ತದೆ, ಅಂಗಳದ್ದು ಎತ್ತ ಹೋಗುತ್ತದೆ, ಓಣಿಯ ನೀರು ಒಳಗೆ ನುಗ್ಗುತ್ತದೆಯೋ, ಗಟಾರ ಎಷ್ಟು ಹೊತ್ತಿಗೆ ತುಂಬುತ್ತದೆ. ಒಂದು ಹಾಳೆ ಮೇಲೆ ಬಾಣದ ಗುರುತು ಹಾಕಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿದರೂ ಸಾಕು.

ಆಮೇಲೆ ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರ ಅಡಿ ತಾರಸಿ ಅಂದರೆ 93 ಚದರ ಮೀಟರ್. 20 ಮಿ.ಮೀ ಮಳೆಗೆ 1,860 ಲೀಟರ್, ಸೋರಿದ್ದು ಹಾರಿದ್ದು ಕಳೆದರೆ ಸುಮಾರು 1,500 ಲೀಟರ್ ಕೈಗೆ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿ.ಮೀ ಮಳೆ ಅಂತ ಹಿಡಿದರೆ, ಈ ತಾರಸಿಯಿಂದ 50,000 ಲೀಟರ್ ದಾಟುತ್ತದೆ. ಐದು ಜನರ ಮನೆಗೆ ದಿನಕ್ಕೆ 500 ಲೀಟರಿನಂತೆ ನೂರು ದಿನದ ನೀರು. ಆದರೆ ಅದು ನೂರು ದಿನ ಹಂಚಿಕೊಂಡು ಬರುವುದಿಲ್ಲ, ಅಲ್ವಾ? ಒಂದೇ ಸಂಜೆ 60 ಮಿ.ಮೀ ಸುರಿದು ಆಮೇಲೆ ಹದಿನೈದು ದಿನ ಮೋಡ ತೋರಿಸಿ ಸತಾಯಿಸುತ್ತದೆ. ಅದಕ್ಕೇ ಟಾಕಿ ಎಷ್ಟು ದೊಡ್ಡದು ಅನ್ನುವುದೇ ಮುಖ್ಯ.

ಹಂತ 2: ಮಣ್ಣಿನ ಪರೀಕ್ಷೆ, ಅದೂ ಮಣ್ಣು ನೆನೆದ ಮೇಲೆ

ಹೆಚ್ಚು ಜನ ಎಡವುವುದು ಇಲ್ಲೇ. ನಾನು ಎಡವಿದ್ದೂ ಇಲ್ಲೇ.

ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಗುಂಡಿ ತೋಡಿ ಹತ್ತು ಕೊಡ ನೀರು ಸುರಿದೆ. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಗುಂಡಿ ಖಾಲಿ. ಖುಷಿಯೋ ಖುಷಿ. ಮರುದಿನವೇ ಆಳು ಕರೆಸಿ ಎಂಟು ಅಡಿ ತೋಡಿಸಿ ಖಡಿ ತುಂಬಿಸಿದೆ. ಜುಲೈನಲ್ಲಿ ಅದೇ ಗುಂಡಿಯಲ್ಲಿ ನೀರು 19 ದಿನ ನಿಂತಿತು. ಕಂಪೌಂಡ್ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿತ್ತು.

ಏನಾಗಿತ್ತು ಅಂದರೆ, ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ನೋಡಿರುತ್ತೀರಿ, ಅಂಗೈ ಇಳಿಯುವಷ್ಟು ಅಗಲದ ಬಿರುಕು. ಸುರಿದ ನೀರು ಆ ಬಿರುಕಿನೊಳಗೆ ಓಡಿಹೋಗಿತ್ತು, ಇಂಗಿರಲಿಲ್ಲ. ನಾಲ್ಕು ಮಳೆ ಬಿದ್ದು ಮಣ್ಣು ಉಬ್ಬಿದ ಮೇಲೆ ಬಿರುಕು ಮುಚ್ಚಿಕೊಂಡು, ಗುಂಡಿ ಎಣ್ಣೆ ಹಚ್ಚಿದ ಗಡಿಗೆಯ ಹಾಗೆ ಆಯಿತು.

ಸರಿಯಾದ ಪರೀಕ್ಷೆ ಹೀಗೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೋಡಿ. ಒಳಗಿನ ಗೋಡೆಯನ್ನು ಸ್ವಲ್ಪ ಕೆರೆದು ಒರಟು ಮಾಡಿ. ನೀರು ತುಂಬಿಸಿ, ಇಳಿದಂತೆಲ್ಲ ಮತ್ತೆ ತುಂಬಿಸುತ್ತಾ ಇರಿ. ಕೆಂಪು ಮಣ್ಣಿಗೆ ಒಂದು ರಾತ್ರಿ ಸಾಕು. ಎರೆ ಮಣ್ಣಿಗೆ ಎರಡು ದಿನ ನೆನೆಸಿ, ಬೇಸಿಗೆಯಲ್ಲಾದರೆ ಮೂರು ದಿನ. ಆಮೇಲೆ ಮತ್ತೆ ತುಂಬಿಸಿ ಪಟ್ಟಿ ಇಟ್ಟು ಒಂದು ಗಂಟೆ ನೋಡಿ. ಗಂಟೆಗೆ 25 ಮಿ.ಮೀ ಅಥವಾ ಜಾಸ್ತಿ ಇಳಿದರೆ ಇಂಗುಗುಂಡಿ ಮಾಡಬಹುದು. 10 ಮಿ.ಮೀಗಿಂತ ಕಡಿಮೆ ಇಳಿದರೆ ಆ ಮಣ್ಣಿನ ಪದರದಲ್ಲಿ ಇಂಗುಗುಂಡಿಯ ಆಸೆ ಬಿಡಿ. ನಡುವೆ ಬಂದರೆ ಗುಂಡಿ ಮಾಡಿ, ಆದರೆ ತುಂಬಿ ಹೊರಗೆ ಹೋಗುವ ದಾರಿ ದೊಡ್ಡದಿರಲಿ.

ಇಷ್ಟು ತಾಳ್ಮೆ ಇಲ್ಲದವರಿಗೆ ಒಂದು ಮನೆಮದ್ದು. ಹಸಿ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. ಬತ್ತಿಯ ಹಾಗೆ ತುಂಡಾಗದೆ ಉದ್ದಕ್ಕೆ ಬಂದರೆ ಅದು ಜಿಗುಟು ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಚೆನ್ನಾಗಿ ಬರುವ ಮಣ್ಣು ಇಂಗುಗುಂಡಿಗೆ ಬರುವುದಿಲ್ಲ ಅಂತ ನೆನಪಿಟ್ಟುಕೊಳ್ಳಿ.

ಧಾರವಾಡದಲ್ಲಿ ಬಹಳ ಕಡೆ ಕೆಂಪು ಮಣ್ಣು, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಅಲ್ಲಿಯವರಿಗೆ ಅಷ್ಟು ತೊಂದರೆ ಇಲ್ಲ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ, ನವಲಗುಂದ ಕಡೆ ಹೋದ ಹಾಗೆ ಎರೆ ದಪ್ಪವಾಗುತ್ತದೆ. ಆದರೆ ಒಂದೇ ಓಣಿಯಲ್ಲಿ ಎರಡೂ ಇರಬಹುದು. ಪಕ್ಕದ ಮನೆಯವರದ್ದು ಇಂಗಿತು ಅಂತ ನಿಮ್ಮದೂ ಇಂಗಬೇಕಿಲ್ಲ.

ಹಂತ 3: ತಾರಸಿ ಮತ್ತು ಇಳಿಯುವ ಪೈಪು

ರೋಹಿಣಿ ಮಳೆಗೂ ಮೊದಲು ತಾರಸಿ ಗುಡಿಸಿ ತೊಳೆಯಿರಿ. ಸಂಡಿಗೆ ಚೂರು, ಮೆಣಸಿನಕಾಯಿ ಬೀಜ, ಪಾರಿವಾಳದ ಹಿಕ್ಕೆ ಎಲ್ಲ ಮೊದಲ ಮಳೆಗೆ ಪೈಪಿಗೇ ಬರುವುದು. ತೂತಿನ ಮೇಲೆ ಚಪ್ಪಟೆ ಜಾಲರಿ ಹಾಕಬೇಡಿ. ಬೇವಿನ ನಾಲ್ಕು ಎಲೆ ಅಂಟಿದರೆ ಅದು ಮುಚ್ಚಿತು, ತಾರಸಿ ಕೆರೆಯಾಯಿತು. ಗುಮ್ಮಟದ ಜಾಲರಿಗೆ ಎಲೆ ಬುಡದಲ್ಲಿ ಸೇರಿದರೂ ಮೇಲಿಂದ ನೀರು ಹೋಗುತ್ತದೆ.

1,000 ಚದರ ಅಡಿಗೆ ಕನಿಷ್ಠ ಎರಡು 4 ಇಂಚಿನ ಪೈಪು, ಮೂರಿದ್ದರೆ ಒಳ್ಳೆಯದು. ಮೂರು ಪೈಪನ್ನು ಕೆಳಗೆ ಒಂದೇ 4 ಇಂಚಿಗೆ ಸೇರಿಸಿದರೆ ಮೇಲೆ ಮೂರಿದ್ದೂ ದಂಡ. ಕೆಳಗೆ 6 ಇಂಚು ಹಾಕಿ.

ಹಳೇ ಮನೆಗಳಲ್ಲಿ ಒಂದು ಮೋಸ ಇರುತ್ತದೆ. ಮಳೆನೀರಿನ ಪೈಪು ಗೋಡೆಯೊಳಗೇ ಬಚ್ಚಲ ಪೈಪಿಗೆ ಕೂಡಿರುತ್ತದೆ, ಮನೆಯವರಿಗೂ ಗೊತ್ತಿರುವುದಿಲ್ಲ. ರಂಗಪಂಚಮಿಯಲ್ಲಿ ಉಳಿದ ಬಣ್ಣ ಇದ್ದೇ ಇರುತ್ತದಲ್ಲ, ಒಂದು ಬಕೆಟ್ ನೀರಿಗೆ ಕಲಸಿ ತಾರಸಿ ತೂತಿಗೆ ಸುರಿಯಿರಿ. ಕೆಳಗೆ ಯಾವ ಚೇಂಬರಿನಲ್ಲಿ ಬಣ್ಣ ಬರುತ್ತದೆ ನೋಡಿ. ಯುಜಿಡಿ (ಒಳಚರಂಡಿ) ಚೇಂಬರಿನಲ್ಲಿ ಬಂದರೆ ಕೂಡಲೇ ಬಿಡಿಸಿ. ಮಳೆನೀರನ್ನು ಒಳಚರಂಡಿಗೆ ಬಿಡುವುದರಿಂದಲೇ ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಯವರ ಬಚ್ಚಲಲ್ಲಿ ಹೊಲಸು ಮೇಲೆ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಪೈಪನ್ನು ಚೆನ್ನಾಗಿ ತೊಳೆಯಿರಿ.

ಸಿಮೆಂಟ್ ಶೀಟಿನ ಅಥವಾ ಡಾಂಬರು ಬಳಿದ ಛಾವಣಿಯ ನೀರನ್ನು ಗಿಡಕ್ಕೆ, ಶೌಚಾಲಯಕ್ಕೆ ಬಳಸಿ. ಕುಡಿಯಲು ಬೇಡ.

ಹಂತ 4: ಮೊದಲ ಮಳೆಯನ್ನು ಹೊರಗೆ ಕಳಿಸಿ

ಮೊದಲ 2 ಮಿ.ಮೀ ಮಳೆ ತಾರಸಿಯನ್ನು ತೊಳೆಯುತ್ತದೆ. 93 ಚದರ ಮೀಟರಿಗೆ ಅದು 186 ಲೀಟರ್. ಆ 200 ಲೀಟರಿನ ಡ್ರಮ್ ತಂದದ್ದು ಇದಕ್ಕೇ. ಇಳಿಯುವ ಪೈಪಿಗೆ ಟೀ ಹಾಕಿ, ಕೆಳಗಿನ ಬಾಯಿ ಡ್ರಮ್ಮಿಗೆ, ಪಕ್ಕದ ಬಾಯಿ ಶೋಧಕಕ್ಕೆ. ಡ್ರಮ್ಮಿನ ಮುಚ್ಚಳ ಬಿಗಿಯಾಗಿರಲಿ. ಡ್ರಮ್ ತುಂಬಿ ಪೈಪಿನಲ್ಲಿ ನೀರು ಏರಿದಾಗ ಮುಂದಿನ ನೀರು ತಾನಾಗಿ ಪಕ್ಕಕ್ಕೆ ತಿರುಗುತ್ತದೆ.

ಡ್ರಮ್ಮಿನ ತಳದಲ್ಲಿ ಒಂದು ನಲ್ಲಿ ಇಟ್ಟು, ಹನಿಹನಿ ಬೀಳುವಷ್ಟು ಯಾವಾಗಲೂ ತೆರೆದಿಡಿ. ಒಂದು ದಿನದಲ್ಲಿ ಖಾಲಿಯಾಗಿ ಮುಂದಿನ ಮಳೆಗೆ ತಯಾರಾಗಿರಬೇಕು. "ನಾನೇ ಕೈಯಿಂದ ತಿರುಗಿಸುತ್ತೇನೆ" ಅನ್ನುವವರು ಎರಡು ವಾರ ತಿರುಗಿಸುತ್ತಾರೆ, ಮೂರನೇ ವಾರ ಮಳೆ ರಾತ್ರಿ ಎರಡು ಗಂಟೆಗೆ ಬರುತ್ತದೆ. ಯಾರು ಏಳುತ್ತಾರೆ?

ಹಂತ 5: ಶೋಧಕ

ಎಲ್ಲರೂ ಶೋಧಕವನ್ನೂ ಡ್ರಮ್ಮಿನಲ್ಲೇ ಮಾಡುತ್ತಾರೆ. ಸಣ್ಣ ಮಳೆಗೆ ಅದು ನಡೆಯುತ್ತದೆ. ಜೋರು ಮಳೆಗೆ ನಡೆಯುವುದಿಲ್ಲ. ಒರಟು ಉಸುಕಿನ ಮೂಲಕ ಒಂದು ಚದರ ಮೀಟರಿಗೆ ಗಂಟೆಗೆ ಸುಮಾರು 5,000 ಲೀಟರ್ ದಾಟುತ್ತದೆ ಅಂತ ಹಿಡಿಯಿರಿ. ಡ್ರಮ್ಮಿನ ಬಾಯಿ ಕಾಲು ಚದರ ಮೀಟರ್ ಮಾತ್ರ, ಅಂದರೆ 1,250 ಲೀಟರ್. ಗಂಟೆಗೆ 50 ಮಿ.ಮೀ ಮಳೆ ಬಂದರೆ ನಮ್ಮ 1,000 ಚದರ ಅಡಿ ತಾರಸಿಯಿಂದ ಬರುವುದು 4,600 ಲೀಟರ್. ಉಳಿದದ್ದೆಲ್ಲ ಉಕ್ಕಿ ಅಂಗಳಕ್ಕೆ. ಆದ್ದರಿಂದ ಇಟ್ಟಿಗೆಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ತೊಟ್ಟಿ ಕಟ್ಟಿಸಿ ಒಳಗೆ ಗಿಲಾಯಿ (ಪ್ಲಾಸ್ಟರ್) ಮಾಡಿಸಿ.

ತುಂಬುವ ಕ್ರಮ ಕೆಳಗಿನಿಂದ ಮೇಲೆ: 40 ಮಿ.ಮೀ ಖಡಿ 20 ಸೆಂ.ಮೀ, ಅದರ ಮೇಲೆ 20 ಮಿ.ಮೀ ಖಡಿ 15 ಸೆಂ.ಮೀ, ಜಾಳಿಗೆ, ಉಸುಕು 30 ಸೆಂ.ಮೀ, ಮತ್ತೆ ಜಾಳಿಗೆ, ಅದರ ಮೇಲೆ ಒಂದು ಪದರ ಬೆಣಚುಕಲ್ಲು. ಮೇಲೆ 25 ಸೆಂ.ಮೀ ಖಾಲಿ ಇರಲಿ. ನೀರು ಬೀಳುವ ಜಾಗದಲ್ಲಿ ಒಂದು ಫರಸಿ ತುಂಡು ಇಡಿ, ಇಲ್ಲದಿದ್ದರೆ ಉಸುಕಿನಲ್ಲಿ ಹೊಂಡ ಬೀಳುತ್ತದೆ. ಕೆಳಗಿನಿಂದ ಶೋಧಿಸಿದ ನೀರು ಹೋಗುವ ಪೈಪು, ಮೇಲಿನಿಂದ ಹೆಚ್ಚಾದದ್ದು ಹೋಗುವ ಪೈಪು. ಈ ಮೇಲಿನದು ಒಳಬರುವ ಪೈಪಿನಷ್ಟೇ ದಪ್ಪ ಇರಬೇಕು. ಒಳಗೆ 6 ಇಂಚು, ಹೊರಗೆ 2 ಇಂಚು ಹಾಕಿದ ತೊಟ್ಟಿಗಳನ್ನು ನಾನು ಎಣಿಸುವುದು ಬಿಟ್ಟಿದ್ದೇನೆ.

ಉಸುಕು ತೊಳೆಯುವುದನ್ನು ಯಾರಿಗೂ ಹೇಳಿ ಬಿಡಬೇಡಿ, ನೀವೇ ನಿಂತು ನೋಡಿ. ಬಕೆಟ್ಟಿನಲ್ಲಿ ಅರ್ಧ ಉಸುಕು, ಮೇಲೆ ನೀರು, ಕೈ ಹಾಕಿ ತಿರುವಿ ಚೆಲ್ಲಿ. ಮೊದಲ ನೀರು ಚಹಾದ ಬಣ್ಣ. ಐದನೆಯದು ಮಜ್ಜಿಗೆ. ಏಳೆಂಟನೇ ಸಲಕ್ಕೆ ತಳದ ಉಸುಕಿನ ಕಾಳು ಒಂದೊಂದಾಗಿ ಕಾಣಿಸಬೇಕು, ಅಲ್ಲಿಯವರೆಗೆ ತೊಳೆಯಿರಿ. ಎಂ-ಸ್ಯಾಂಡ್ ಆದರೆ ಇನ್ನೂ ಜಾಸ್ತಿ ತೊಳೆಯಬೇಕು, ಅದರಲ್ಲಿ ಕಲ್ಲಿನ ಹುಡಿ ಬಹಳ. ತೊಳೆಯದೆ ಹಾಕಿದ ಹುಡಿಯೇ ಶೋಧಕವನ್ನು ಕಟ್ಟಿಹಾಕುತ್ತದೆ.

ಎಚ್ಚರಿಕೆಯ ಗುರುತು: ಮಳೆ ನಿಂತು ಎರಡು ಗಂಟೆಯಾದರೂ ಉಸುಕಿನ ಮೇಲೆ ನೀರು ನಿಂತಿದ್ದರೆ ಮೇಲಿನ ಎರಡು ಇಂಚು ಉಸುಕು ತೆಗೆದು ತೊಳೆಯಿರಿ. ಪೂರ್ತಿ ಖಾಲಿ ಮಾಡಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಶೋಧಕಕ್ಕೆ ಬಂದ ನೀರು ಕಲಕಿದ ಹಾಗೇ ಸರ್ರನೆ ಇಳಿದು ಹೋಗುತ್ತಿದ್ದರೆ ಉಸುಕಿನಲ್ಲಿ ಎಲ್ಲೋ ಬಿಲ ಬಿದ್ದಿದೆ.

ಹಂತ 6: ಮೊದಲು ಟಾಕಿಗೆ

ಶೋಧಿಸಿದ ನೀರು ಮೊದಲು ಸಂಗ್ರಹಕ್ಕೆ ಹೋಗಲಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಸಂಪು ಹೇಗೂ ಇರುತ್ತದೆ. ಆದರೆ ಮಲಪ್ರಭೆಯ ನೀರು ತುಂಬುವ ಅದೇ ಸಂಪಿಗೆ ಮಳೆನೀರು ಬಿಡಬೇಡಿ. ಶೋಧಕ ಒಂದು ದಿನ ಕೈಕೊಟ್ಟರೆ ಕುಡಿಯುವ ನೀರೂ ಕೆಟ್ಟಿತು. ಬೇರೆ ಟಾಕಿ ಮಾಡಿ, ಬಟ್ಟೆಗೆ, ಪಾತ್ರೆಗೆ, ಶೌಚಾಲಯಕ್ಕೆ, ಗಿಡಕ್ಕೆ ಅದನ್ನೇ ಬಳಸಿ. ಮಳೆನೀರು ಮೆದು, ಸೋಪು ಅರ್ಧ ಸಾಕಾಗುತ್ತದೆ. ಬೋರಿನ ನೀರಲ್ಲಿ ಬೇಯದೆ ಸತಾಯಿಸುವ ತೊಗರಿಬೇಳೆ ಇದರಲ್ಲಿ ಬೇಗ ಬೇಯುತ್ತದೆ.

ಎರೆ ಮಣ್ಣಿನಲ್ಲಿ ನೆಲದೊಳಗೆ ಬರೀ ಇಟ್ಟಿಗೆ ಟಾಕಿ ಕಟ್ಟಿಸಬೇಡಿ, ಮಣ್ಣು ಉಬ್ಬಿ ಇಳಿದು ಸೀಳುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟೇ ಆಗಬೇಕು. ಜಾಗ ಇದ್ದರೆ ನೆಲದ ಮೇಲೆ ಪ್ಲಾಸ್ಟಿಕ್ ಟಾಕಿ ಇಡುವುದು ಎಲ್ಲಕ್ಕಿಂತ ಸುಲಭ. ಬೆಳಕು ಒಳಗೆ ಹೋದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಮುಚ್ಚಳಕ್ಕೂ ಹೊರಹೋಗುವ ಪೈಪಿನ ಬಾಯಿಗೂ ಜಾಳಿಗೆ ಕಟ್ಟಿ.

ಕುಡಿಯಲೇಬೇಕು ಅನ್ನುವವರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಕುದಿಸಿ ಕುಡಿಯಿರಿ. ತಿಳಿಯಾದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬೇರೆ ಪಾತ್ರೆಯಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಹಾಕಿ, ಒಂದು ಗಂಟೆ ಬಿಡಿ. ಕಲಕು ನೀರಿಗೆ ಹಾಕಿದರೆ ಪೌಡರ್ ಹಾಳು.

ಹಂತ 7: ಉಳಿದದ್ದು ನೆಲಕ್ಕೆ

ಎರಡನೇ ಹಂತದಲ್ಲಿ ಮಣ್ಣು ಪಾಸಾದವರಿಗೆ ಮಾತ್ರ. ಮೂರು ಅಡಿ ಅಗಲದ ಸಿಮೆಂಟ್ ಬಳೆ (ರಿಂಗು) ಇಳಿಸಿ ಹತ್ತು ಅಡಿ ಆಳದ ಗುಂಡಿ ಮಾಡಿದರೆ ಸುಮಾರು 2,000 ಲೀಟರ್ ಹಿಡಿಯುತ್ತದೆ. ಮನೆಯ ಪಾಯದಿಂದ ಕನಿಷ್ಠ 10 ಅಡಿ, ಶೌಚದ ಗುಂಡಿಯಿಂದ 50 ಅಡಿ ದೂರ. ಸಣ್ಣ ಸೈಟಿನಲ್ಲಿ ಇಷ್ಟು ದೂರ ಸಿಗುವುದಿಲ್ಲ. ಸಿಗದಿದ್ದರೆ ಮಾಡಬೇಡಿ, ಅಷ್ಟೇ.

ಮೇಲೆ ಎರೆ, ಕೆಳಗೆ ಆರೆಂಟು ಅಡಿಗೆ ಗರಸು ಸಿಕ್ಕರೆ ಗುಂಡಿಯನ್ನು ಗರಸಿಗೆ ಮುಟ್ಟಿಸಿ. ಎರೆ ಇರುವಷ್ಟು ಭಾಗಕ್ಕೆ ತೂತಿಲ್ಲದ ಬಳೆ, ಸಂದಿಗೆ ಸಿಮೆಂಟ್. ತೂತಿನ ಬಳೆ ಗರಸಿನಲ್ಲಿ ಮಾತ್ರ. ಎರೆ ಇರುವ ಇಂಥ ಕಡೆ ಗುಂಡಿ ಪಾಯದಿಂದ 15 ಅಡಿಗಿಂತ ಹತ್ತಿರ ಬೇಡ. ಮಳೆಗಾಲದಲ್ಲಿ ಆಳದ ಗುಂಡಿಗೆ ಆಳು ಇಳಿಸಬೇಡಿ, ಹಸಿ ಎರೆ ಯಾವ ಸುಳಿವೂ ಕೊಡದೆ ಕುಸಿಯುತ್ತದೆ.

ಬೋರ್ ಇದ್ದವರು ಕೇಸಿಂಗ್ (ಬೋರಿನ ಹೊರ ಪೈಪು) ಸುತ್ತ ಆರು ಅಡಿ ಉದ್ದ-ಅಗಲ, ಹತ್ತು ಅಡಿ ಆಳದ ಗುಂಡಿ ಮಾಡಿ, ಕೇಸಿಂಗಿಗೆ ಸಣ್ಣ ತೂತು ಕೊರೆದು, ಮೇಲೆ ನೈಲಾನ್ ಜಾಳಿಗೆ ಸುತ್ತಿ, ಸುತ್ತ ಕಲ್ಲು, ಖಡಿ, ಉಸುಕು ತುಂಬುತ್ತಾರೆ. ತೂತು ಕೊರೆಯುವ ಮೊದಲು ಮೋಟಾರು, ಕೇಬಲ್ ಮೇಲೆ ಎತ್ತಿಸಿ. ಗುಂಡಿಯ ಪಕ್ಕ ಎರೆ ಇದ್ದರೆ ಗೋಡೆ ಕಟ್ಟಿಸಿ. ಒಳಗೆ ಹೋಗಬೇಕಾದದ್ದು ಶೋಧಿಸಿದ ತಾರಸಿ ನೀರು ಮಾತ್ರ. ಅಂಗಳದ ನೀರು, ಓಣಿಯ ನೀರು ಒಂದು ಹನಿಯೂ ಬೇಡ. ಮೇಲಿನ ಮಣ್ಣು ಸೋಸುವ ಕೆಲಸವನ್ನೇ ತಪ್ಪಿಸಿ ನೀವು ನೇರವಾಗಿ ಅಂತರ್ಜಲಕ್ಕೆ ಬಿಡುತ್ತಿದ್ದೀರಿ, ಅದನ್ನು ಸುತ್ತಲಿನ ಓಣಿಯವರೂ ಕುಡಿಯುತ್ತಾರೆ. ಮಳೆ ಬಂದ ಮರುದಿನ ಬೋರ್ ನೀರು ಕಲಕಾಗಿ ಬಂದರೆ, ವಾಸನೆ ಬಂದರೆ, ಪೈಪನ್ನು ಆ ಕ್ಷಣವೇ ಗಟಾರಕ್ಕೆ ತಿರುಗಿಸಿ ಆಮೇಲೆ ಕಾರಣ ಹುಡುಕಿ.

ಹಂತ 8: ಅಂಗಳ ಮತ್ತು ಓಣಿಯ ನೀರು

ಇದರಲ್ಲಿ ಬೈಕಿನ ಎಣ್ಣೆ, ಸಗಣಿ, ಸೋಪು, ಧೂಳು ಎಲ್ಲ ಇರುತ್ತದೆ. ಇದನ್ನು ಗಿಡಗಳಿಗೆ ಒಪ್ಪಿಸುವುದೇ ಒಳ್ಳೆಯದು. ಮೊದಲು ಎರಡು ಅಡಿ ಚೌಕದ, ಎರಡು ಅಡಿ ಆಳದ ಕೆಸರುಗುಂಡಿ, ಬಾಯಿಗೆ ಕಸ ತಡೆಯುವ ಕಬ್ಬಿಣದ ಜಾಲರಿ. ಅಲ್ಲಿಂದ ಅಂಗಳಕ್ಕಿಂತ ಅರ್ಧ ಅಡಿ ತಗ್ಗಿನ ಒಂದು ಮಡಿ. ಅದರಲ್ಲಿ ಕಾಬಾಳೆ, ಲಾವಂಚ, ಜೊಂಡು ನೆಡಿ. ಎರೆ ಮಣ್ಣಾದರೆ ಎರಡು ಅಡಿ ಮಣ್ಣು ತೆಗೆದು ಉಸುಕು, ಗೊಬ್ಬರ ಬೆರೆಸಿ ತುಂಬಿ, ತಳದಲ್ಲಿ ತೂತಿನ ಪೈಪು ಹಾಸಿ ಅದರ ಬಾಯಿಯನ್ನು ಗಟಾರಕ್ಕೆ ಬಿಡಿ. ಎರಡು ದಿನದೊಳಗೆ ಮಡಿಯಲ್ಲಿ ನಿಂತ ನೀರು ಕಾಣಬಾರದು. ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಎಂಟು ಹತ್ತು ದಿನ ಸಾಕು.

ಮನೆ ಮುಂದಿನ ಗಟಾರದ ಮೇಲೆ ಫರಸಿ ಹಾಕಿ ಸಿಮೆಂಟ್ ಬಳಿದುಬಿಡುವವರು ಬಹಳ. ಕಾರು ಹತ್ತಿಸಲು ಬೇಕು, ಒಪ್ಪಿದೆ. ಎತ್ತಲು ಬರುವ ಹಾಗೆ ಹಾಕಿ. ಮುಚ್ಚಿದ ಗಟಾರದೊಳಗೆ ಕೆಸರು ಕಟ್ಟಿದರೆ ಪಾಲಿಕೆಯವರು ಬಂದರೂ ಸಲಿಕೆ ಹಾಕಲು ಜಾಗ ಇರುವುದಿಲ್ಲ, ಮೇಲಿನ ನೀರೆಲ್ಲ ಪಕ್ಕದ ಮನೆಗೆ.

ಹಂತ 9: ಯಾವಾಗ ಏನು ನೋಡಬೇಕು

ರೋಹಿಣಿಗೆ ಮೊದಲು ತಾರಸಿ, ಜಾಲರಿ, ಶೋಧಕದ ಮೇಲಿನ ಉಸುಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡ್ರಮ್ಮಿನ ನಲ್ಲಿ ಹನಿಯುತ್ತಿದೆಯೇ ನೋಡಿ, ಕೆಸರುಗುಂಡಿ ಅರ್ಧ ತುಂಬಿದರೆ ಎತ್ತಿ. ಸ್ವಾತಿ ಮಳೆ ಮುಗಿದ ಮೇಲೆ ಉಸುಕು ಪೂರ್ತಿ ತೆಗೆದು ತೊಳೆದು ಬಿಸಿಲಿಗೆ ಹಾಕಿ. ಟಾಕಿ, ಹಳೇ ಗುಂಡಿಯೊಳಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರು ನಿಂತಿರುವಾಗ ಮಾತ್ರ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮಳೆಗಾಲದಲ್ಲಿ ಮಾತ್ರ ಬಿಗಿಯಾಗುವ ಬಾಗಿಲು, ಎದ್ದ ಫರಸಿ: ಇವು ಪಾಯದ ಕೆಳಗಿನ ಎರೆ ನೀರು ಕುಡಿಯುತ್ತಿದೆ ಅನ್ನುವ ಗುರುತು. ಗುಂಡಿಗೆ ನೀರು ಬಿಡುವುದನ್ನು ನಿಲ್ಲಿಸಿ.

ಈಗಾಗಲೇ ತೋಡಿಸಿ ಕೆಟ್ಟಿದ್ದರೆ

ಗುಂಡಿ ಮುಚ್ಚಿ ದುಡ್ಡು ಕಳೆಯಬೇಡಿ. ಪಾಯಕ್ಕೆ ಹತ್ತಿರ ಇಲ್ಲದಿದ್ದರೆ ಬೇಸಿಗೆಯಲ್ಲಿ ಖಡಿ ಎಲ್ಲ ಮೇಲೆ ತೆಗೆದು, ಒಳಗೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿಸಿ, ಅದನ್ನೇ ಟಾಕಿ ಮಾಡಿ. ತೆಗೆದ ಖಡಿಯನ್ನು ತೊಳೆದು ಶೋಧಕಕ್ಕೆ ಬಳಸಿ. ನಾನು ಮಾಡಿದ್ದೂ ಇದನ್ನೇ. 19 ದಿನ ನೀರು ನಿಂತಿದ್ದ ಆ ಗುಂಡಿ ಈಗ 4,000 ಲೀಟರಿನ ಟಾಕಿ. ಅದು ತುಂಬಿದ ಮೇಲೆ ಹೆಚ್ಚಾದ ನೀರು ಕಾಬಾಳೆ ಮಡಿಗೆ ಹೋಗುತ್ತದೆ. ಕಂಪೌಂಡಿನ ಬಿರುಕಿಗೆ ಎರಡು ಸಲ ಸಿಮೆಂಟ್ ತುಂಬಿಸಿದ್ದೇನೆ, ಮೂರನೇ ಸಲ ಇನ್ನೂ ಬಾಯಿ ಬಿಟ್ಟಿಲ್ಲ.